ರದ್ದಿಯಿಂದ ಕವಿತೆ: ಕತ್ತರಿ, ಅಂಟು ಮತ್ತು ಮುಂಬೈಯ ಹಳೇ ಪೇಪರು

ತಿಂಗಳಿಗೊಮ್ಮೆ ರದ್ದಿ ಅಂಗಡಿಗೆ ಹೋಗುವ ಕಟ್ಟನ್ನು ಈ ಸಲ ಕೊಡುವ ಮೊದಲು ಬಿಚ್ಚಿ ನೋಡಿ. ಮುಂಬೈಯ ಕನ್ನಡದವರ ಮನೆಯಾದರೆ ಅದರಲ್ಲಿ ಕರ್ನಾಟಕ ಮಲ್ಲ ಇರುತ್ತದೆ, ಉದಯವಾಣಿ ಇರುತ್ತದೆ, ಒಂದೆರಡು ಮರಾಠಿ ಪೇಪರೂ ಇರುತ್ತವೆ. ನೇಸರು, ಅಕ್ಷಯ, ಮೊಗವೀರ, ಹೀಗೆ ನಿಮ್ಮ ಸಂಘದ ಪತ್ರಿಕೆ ಯಾವುದೋ ಅದು ಇರುತ್ತದೆ. ನಡುನಡುವೆ ಊರಿನಿಂದ ಬಂದ ಮದುವೆ ಕಾಗದ, ಮಳೆಗಾಲದಲ್ಲಿ ಇಲ್ಲಿಗೆ ಬರುವ ಯಕ್ಷಗಾನ ಮೇಳದ ಹ್ಯಾಂಡ್‌ಬಿಲ್ಲು, ಯಾವುದೋ ಸ್ವೀಟ್ ಬಾಕ್ಸಿನ ಮುಚ್ಚಳ. ಕೊಲಾಜ್ ಕವಿತೆಗೆ ಇಷ್ಟು ಸಾಕು. ಅಂಗಡಿಯಿಂದ ತರಬೇಕಾದ್ದು ಅಡಿಗೆ ಒಂದು ದಪ್ಪ ಹಾಳೆ ಮತ್ತು ಅಂಟು, ಅಷ್ಟೇ. ಅಂಟನ್ನು ಮನೆಯಲ್ಲೇ ಕಾಯಿಸಬಹುದು.

ಕೊಲಾಜ್ ಕವಿತೆ ಅಂದರೆ, ಬೇರೆಯವರು ಬೇರೆ ಕೆಲಸಕ್ಕೆ ಅಚ್ಚು ಹಾಕಿಸಿದ ಮಾತುಗಳನ್ನು ಕತ್ತರಿಸಿ, ನಮ್ಮ ಕ್ರಮದಲ್ಲಿ ಜೋಡಿಸಿ, ಚಿತ್ರದ ಜೊತೆ ಹಾಳೆಗೆ ಅಂಟಿಸುವುದು. ಪೆನ್ನು ಮುಟ್ಟುವ ಹಾಗಿಲ್ಲ. ಈ ಒಂದು ನಿಯಮ ಇಟ್ಟುಕೊಳ್ಳಿ. ಬೇಕಾದ ಪದ ಸಿಗದೆ ಇನ್ನೊಂದಕ್ಕೆ ಒಪ್ಪಿಕೊಳ್ಳಬೇಕಾಗುತ್ತದಲ್ಲ, ಕವಿತೆ ಹುಟ್ಟುವುದು ಹೆಚ್ಚಾಗಿ ಅಲ್ಲಿಯೇ.

ಚೀಲದ ಕವಿತೆ ನಮಗೆ ಯಾಕೆ ಒಗ್ಗುವುದಿಲ್ಲ

ಈ ವಿಷಯಕ್ಕೆ ಇಳಿದವರಿಗೆಲ್ಲ ಮೊದಲು ಸಿಗುವುದು ಮೊದಲ ಮಹಾಯುದ್ಧದ ಹೊತ್ತಿಗೆ ಯುರೋಪಿನಲ್ಲಿ ಹುಟ್ಟಿ ಕಲೆಯ ಕಟ್ಟುಪಾಡನ್ನೆಲ್ಲ ಗೇಲಿ ಮಾಡಿದ ದಾದಾ ಪಂಥದ ಕವಿ ಟ್ರಿಸ್ಟಾನ್ ಟ್ಜಾರಾ 1920ರಲ್ಲಿ ಹೇಳಿಕೊಟ್ಟ ವಿಧಾನ. ಪೇಪರಿನ ಒಂದು ಲೇಖನ ಆರಿಸಿ. ಅದರ ಒಂದೊಂದು ಪದವನ್ನೂ ಬಿಡಿಸಿ ಕತ್ತರಿಸಿ. ಚೀಲಕ್ಕೆ ಹಾಕಿ ಮೆಲ್ಲಗೆ ಕುಲುಕಿ. ಒಂದೊಂದಾಗಿ ತೆಗೆದು, ಬಂದ ಕ್ರಮದಲ್ಲೇ ಬರೆದುಕೊಳ್ಳಿ. ಕವಿತೆ ತಯಾರು!

ಕನ್ನಡ ಪೇಪರಿನ ಜೊತೆ ಇದನ್ನು ಮಾಡಿದರೆ 'ಸಚಿವರಿಂದ ಮಳೆಯನ್ನು ಕುಸಿದನು ಬಾಳೆಹಣ್ಣಿಗೆ' ಅನ್ನುವಂಥದ್ದು ಬರುತ್ತದೆ. ಎರಡು ನಿಮಿಷ ನಗು, ಆಮೇಲೆ ಬೇಜಾರು. ಕಾರಣ ಸರಳ. ಇಂಗ್ಲಿಷಿನಲ್ಲಿ, ಫ್ರೆಂಚಿನಲ್ಲಿ 'ಇಂದ', 'ಒಳಗೆ', 'ಮೇಲೆ' ಎಲ್ಲ ಬಿಡಿ ಪದಗಳು. ನಾಮಪದ ಹೆಚ್ಚುಕಡಿಮೆ ಬೆತ್ತಲಾಗಿ ಬರುತ್ತದೆ, ಎಲ್ಲಿ ಇಟ್ಟರೂ ಕೂರುತ್ತದೆ. ನಮ್ಮಲ್ಲಿ ವಿಭಕ್ತಿ ಪದಕ್ಕೇ ಅಂಟಿರುತ್ತದೆ. ಕ್ರಿಯಾಪದವಂತೂ ಬಂದವನು ಗಂಡೋ ಹೆಣ್ಣೋ, ಒಬ್ಬನೋ ಹತ್ತು ಜನವೋ ಎಲ್ಲ ಹೇಳಿಬಿಡುತ್ತದೆ. ಚೀಲದಲ್ಲಿ ಕುಲುಕಿದರೆ ಇವು ಪರಸ್ಪರ ಜಗಳ ಆಡುತ್ತವೆ, ಅಷ್ಟೇ.

ಹಾಗಾಗಿ ನನ್ನ ಸಲಹೆ: ಚೀಲ ಬದಿಗಿಡಿ. ಆರಿಸಿ. ಆರಿಸಿದ್ದರ ಒಳಗೂ ಕತ್ತರಿ ಆಡಿಸಿ. ಇದಕ್ಕೂ ದೊಡ್ಡವರ ಮೇಲ್ಪಂಕ್ತಿ ಇದೆ. ಜರ್ಮನಿಯ ಹ್ಯಾನೋವರ್‌ನಲ್ಲಿದ್ದ ಕುರ್ಟ್ ಶ್ವಿಟ್ಟರ್ಸ್ ಟ್ರಾಮ್ ಟಿಕೆಟು, ಹೊದಿಕೆ ಕಾಗದ, ಕಸದಲ್ಲಿ ಸಿಕ್ಕ ಚೂರುಗಳಿಂದ ಚಿತ್ರ ಮಾಡುತ್ತಿದ್ದ. ತನ್ನ ಇಡೀ ಕಲೆಗೆ ಇಟ್ಟ 'ಮೆರ್ಜ್' ಅನ್ನುವ ಹೆಸರನ್ನು ಅವನು 1919ರ ಹೊತ್ತಿಗೆ ಒಂದು ಬ್ಯಾಂಕಿನ ಜಾಹೀರಾತಿನಲ್ಲಿದ್ದ 'ಕೊಮೆರ್ಜ್' ಪದವನ್ನು ಕತ್ತರಿಸಿ ಪಡೆದದ್ದು.

ಏನೇನು ಕೂಡಿಹಾಕಬೇಕು

ಒಂದೇ ಪೇಪರಿನಿಂದ ಮಾಡಿದ ಕವಿತೆ ಕೊನೆಗೂ ಪೇಪರಿನ ಹಾಗೇ ಕೇಳಿಸುತ್ತದೆ. ಬೇರೆ ಬೇರೆ ದನಿ ಬೇಕು. ಕನ್ನಡ ಪೇಪರಿನ ಹೆಡ್ಡಿಂಗುಗಳನ್ನು ಗಮನಿಸಿ: 'ಲಾರಿ ಪಲ್ಟಿ, ಚಾಲಕ ಪಾರು', 'ಸಂಚಾರ ಸ್ಥಗಿತ', 'ಬೆಲೆ ಏರಿಕೆ'. ಅಕ್ಷರ ದೊಡ್ಡದು, ನೋಡಲು ಚೆಂದ, ಆದರೆ ಕ್ರಿಯಾಪದವೇ ಇರುವುದಿಲ್ಲ. ಬರೀ ಹೆಡ್ಡಿಂಗಿನಿಂದ ಕವಿತೆ ಕಟ್ಟಲು ಹೊರಟರೆ ಅದು ನಿಂತಲ್ಲೇ ನಿಲ್ಲುತ್ತದೆ.

ಕ್ರಿಯಾಪದಕ್ಕೆ ಒಳಪುಟಗಳಿಗೆ ಹೋಗಿ. ಅಡುಗೆ ಪುಟದಲ್ಲಿ 'ಹುರಿಯಿರಿ, ಸೋಸಿ, ಮುಚ್ಚಿಡಿ' ಅಂತ ಅಪ್ಪಣೆಗಳು ಸಿಗುತ್ತವೆ. ರಾಶಿಫಲದಲ್ಲಿ ಎಲ್ಲವೂ ಇನ್ನು ಆಗಬೇಕಾದ್ದು: 'ಕೈಗೂಡುವುದು', 'ತಪ್ಪಿಹೋಗುವ ಸಾಧ್ಯತೆ'. ಧಾರಾವಾಹಿಯಲ್ಲಿ, ಕತೆಯಲ್ಲಿ 'ಎಂದಳು', 'ಎದ್ದು ನಿಂತ'. ಮದುವೆ ಕಾಗದದಲ್ಲಿ ಬೇರೆಲ್ಲೂ ಯಾರೂ ಆಡದ ಗಂಭೀರ ಕನ್ನಡ. ಬಾಡಿಗೆ ಮನೆಯ ಜಾಹೀರಾತಿನಲ್ಲಿ ಚುಟುಕು ಮಾತು. ಯಕ್ಷಗಾನದ ಹ್ಯಾಂಡ್‌ಬಿಲ್ಲಂತೂ ಬಂಗಾರದ ಗಣಿ. ಒಂದೇ ಹಾಳೆಯಲ್ಲಿ ನಾಲ್ಕೈದು ಅಳತೆಯ ಅಕ್ಷರ, ನಾಲ್ಕೈದು ಬಣ್ಣ, ಮೈತುಂಬ ವಿಶೇಷಣ.

ಮನೆಯ ಕಟ್ಟು ಸಾಲದಿದ್ದರೆ ರದ್ದಿ ಅಂಗಡಿಗೇ ಹೋಗಿ. ಅವನು ಕೊಂಡದ್ದಕ್ಕಿಂತ ಸ್ವಲ್ಪ ಜಾಸ್ತಿ ಕೊಟ್ಟರೆ ಕಿಲೋ ಲೆಕ್ಕದಲ್ಲಿ ವಾಪಸ್ ಮಾರುತ್ತಾನೆ. ಮಾಟುಂಗ, ಡೊಂಬಿವಿಲಿಯ ಕಡೆ ಕನ್ನಡ ಪೇಪರು ಸಿಗುವ ಸಂಭವ ಹೆಚ್ಚು. ಕಿಂಗ್ಸ್ ಸರ್ಕಲ್ಲಿನ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಮಾರುವವರ ಹತ್ತಿರ ಹರಿದ ಅಟ್ಲಾಸು, ವಿಜ್ಞಾನದ ಪಠ್ಯಪುಸ್ತಕ ಹುಡುಕಿ. ಕಪ್ಪೆಯ ಹೊಟ್ಟೆ ಕೊಯ್ದು ತೋರಿಸಿದ ಚಿತ್ರಕ್ಕಿಂತ ಒಳ್ಳೆಯ ಕೊಲಾಜ್ ಸಾಮಗ್ರಿ ಇಲ್ಲ. ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಹಳೇ ಸಿನಿಮಾ ಪೋಸ್ಟರು ಸಿಗುತ್ತವೆ ನಿಜ. ಆದರೆ ರೇಟು ಕೇಳಿದ ಮೇಲೆ ಕತ್ತರಿ ಹಾಕಲು ಕೈ ಬರುವುದಿಲ್ಲ. ಅದು ಬೇಡ.

ಹೋಟೆಲಿನ ಬಿಲ್ಲು, ಎಟಿಎಂ ಚೀಟಿ ಇಡುವುದಾದರೆ ಒಂದು ಎಚ್ಚರ. ಅವು ಶಾಖದಿಂದ ಅಚ್ಚಾಗುವ ಥರ್ಮಲ್ ಕಾಗದ. ಕೆಲವು ತಿಂಗಳಲ್ಲಿ ಅಕ್ಷರ ಮಾಸುತ್ತದೆ. ಮೊದಲು ಜೆರಾಕ್ಸ್ ಮಾಡಿಸಿ, ಆ ಜೆರಾಕ್ಸನ್ನೇ ಅಂಟಿಸಿ. ಮನೆಯ ಹಳೇ ಪತ್ರ, ಅಜ್ಜಿಯ ಫೋಟೋ ಇವಕ್ಕೂ ಇದೇ ಮಾತು. ಅಸಲಿಗೆ ಕತ್ತರಿ ಹಾಕಬೇಡಿ.

ಕತ್ತರಿಸುವುದು

ಸಾಮಾನು ಜಾಸ್ತಿ ಬೇಡ. ಚೂಪು ತುದಿಯ ಸಣ್ಣ ಕತ್ತರಿ, ಒಂದು ಕಟರ್, ಸ್ಟೀಲ್ ಸ್ಕೇಲು, ಚೂರು ಎತ್ತಲು ಚಿಮಟ. ಕಟರ್ ಅಡಿಗೆ ಹಳೇ ಕ್ಯಾಲೆಂಡರಿನ ದಪ್ಪ ರಟ್ಟು ಇಟ್ಟರೆ ಆಯಿತು.

ಕನ್ನಡ ಅಕ್ಷರ ಕತ್ತರಿಸುವಾಗ ಮುಖ್ಯವಾಗಿ ನೋಡಬೇಕಾದ್ದು ಒತ್ತಕ್ಷರ. 'ಮಹಾರಾಷ್ಟ್ರ' ಅನ್ನುವ ಪದದಲ್ಲಿ ಷ ಅಡಿಯಲ್ಲಿ ಎರಡೆರಡು ಒತ್ತು ನೇತಾಡುತ್ತವೆ. ಪೇಪರಿನಲ್ಲಿ ಸಾಲುಗಳು ಒತ್ತೊತ್ತಾಗಿರುವುದರಿಂದ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿನ ಹತ್ತಿರಕ್ಕೇ ಬಂದಿರುತ್ತದೆ. ಮೇಲಿನದನ್ನು ಪೂರ್ತಿ ತೆಗೆಯಲು ಹೋದರೆ ಕೆಳಗಿನ 'ಕಿ' ಗುಡಿಸು ಕಳಕೊಂಡು ಕಂಗಾಲಾಗುತ್ತದೆ. ಎರಡೂ ಬೇಕಾದರೆ ಜೆರಾಕ್ಸ್ ಮಾಡಿಸಿಕೊಳ್ಳುವುದೇ ದಾರಿ. ಪ್ರತಿ ಹಾಳೆಗೂ ಬೆನ್ನು ಇದೆ ಅನ್ನುವುದೂ ನೆನಪಿರಲಿ. ಈ ಬದಿಯ 'ಮಳೆ' ತೆಗೆದರೆ ಆ ಬದಿಯಲ್ಲಿ ಯಾವುದಕ್ಕೋ ತೂತು ಬೀಳುತ್ತದೆ. ಮೊದಲು ತಿರುಗಿಸಿ ನೋಡಿ.

ಈಗ ಬಾಲಗಳ ವಿಷಯ, ಅಂದರೆ ಪದದ ಕೊನೆಗೆ ಅಂಟಿರುವ 'ಅಲ್ಲಿ', 'ಇಂದ', 'ಗೆ' ಇಂಥವು. ಕನ್ನಡದ ಕೊಲಾಜಿನ ಮಜಾ ಇರುವುದು ಇಲ್ಲಿಯೇ.

'ಇ' ಅಥವಾ 'ಎ'ಯಲ್ಲಿ ಮುಗಿಯುವ ಪದಗಳು ಸಲೀಸು. 'ಮನೆಯಲ್ಲಿ' ಸಿಕ್ಕರೆ 'ಯಲ್ಲಿ' ಕತ್ತರಿಸಿ. 'ಮನೆ' ಇಡಿಯಾಗಿ ಉಳಿಯುತ್ತದೆ. 'ಚಳಿಯನ್ನು', 'ಭೇಟಿಯಿಂದ' ಇವೂ ಹಾಗೇ. 'ಅ'ಕಾರದವೂ ತೊಂದರೆ ಕೊಡುವುದಿಲ್ಲ. 'ಮರದಲ್ಲಿ' ಇದ್ದದ್ದು ಒಂದು ಕತ್ತರಿಗೆ 'ಮರ'. ಕೈಕೊಡುವುದು 'ಉ'ಕಾರದ ಪದಗಳು. 'ಕಾಡಿನಲ್ಲಿ' ಕತ್ತರಿಸಿದರೆ 'ಕಾಡು' ಬರುವುದಿಲ್ಲ, 'ಕಾಡಿ' ಬರುತ್ತದೆ. 'ಹಾಡಿನಲ್ಲಿ' ಕತ್ತರಿಸಿದರೆ 'ಹಾಡಿ'. 'ಊರಿಗೆ' ಕತ್ತರಿಸಿದರೆ 'ಊರಿ'. ಆದರೆ ನೋಡಿ, ಮೂರಕ್ಕೆ ಮೂರೂ ಕ್ರಿಯಾಪದ ಆಗಿಬಿಟ್ಟವು! ಅರಣ್ಯ ಇಲಾಖೆಯ ಸುದ್ದಿಯಲ್ಲಿ ಸುಮ್ನೆ ಬಿದ್ದಿದ್ದ ಕಾಡು ಈಗ ಯಾರನ್ನೋ ಕಾಡಿ ಬಂದಿದೆ. ಹೆಡ್ಡಿಂಗಿನಲ್ಲಿ ಸಿಗದ ಕ್ರಿಯಾಪದ ಹೀಗೆ ಹಿಂಬಾಗಿಲಿನಿಂದ ಸಿಗುತ್ತದೆ.

ಕತ್ತರಿಸಿ ತೆಗೆದ 'ಗೆ', 'ಯಿಂದ', 'ದಲ್ಲಿ', 'ಗಳು' ಇವನ್ನು ಎಸೆಯಬೇಡಿ. ಬೇರೆ ಡಬ್ಬಿಯಲ್ಲಿ ಹಾಕಿಡಿ. ಜೋಡಿಸುವಾಗ ಇವೇ ಮೊದಲು ಬೇಕಾಗುವುದು. ಇನ್ನೊಂದು ಅಕ್ಷರದಳತೆಯ ಬಾಲ ಅಂಟಿಸಿದರೂ ಪರವಾಗಿಲ್ಲ. ದೊಡ್ಡ 'ಮನೆ'ಗೆ ಪುಟ್ಟ 'ಯಿಂದ' ಇದ್ದರೆ ಅದೇ ಒಂದು ಅರ್ಥ ಕೊಡುತ್ತದೆ.

ಜೋಡಿಸುವುದು

ಈಗಲೇ ಅಂಟಿಸಬೇಡಿ. ಹಾಳೆಯ ಮೇಲೆ ಚೂರುಗಳನ್ನು ಸುಮ್ನೆ ಹರಡಿ. ಫ್ಯಾನು ಆರಿಸಿ. ಇದನ್ನು ಯಾರೂ ಹೇಳುವುದಿಲ್ಲ, ಎಲ್ಲರೂ ಒಮ್ಮೆ ಅನುಭವಿಸುತ್ತಾರೆ.

ಒಂದು ಉದಾಹರಣೆ ನೋಡೋಣ. ಎದುರಿಗೆ ಇದ್ದ ಚೂರುಗಳು ಇವು. ರಾಶಿಫಲದಿಂದ: 'ಹಳೆಯ ಸ್ನೇಹಿತರ ಭೇಟಿಯಿಂದ ಸಂತಸ'. ಅಡುಗೆ ಪುಟದಿಂದ: 'ಸಣ್ಣ ಉರಿಯಲ್ಲಿ', 'ಕೆಂಪಗಾಗುವವರೆಗೆ ಹುರಿಯಿರಿ', 'ತಣ್ಣಗಾದ ಮೇಲೆ'. ಹವಾಮಾನದಿಂದ: 'ಗುಡುಗು ಸಹಿತ ಮಳೆ'. ಮನೆ ಜಾಹೀರಾತಿನಿಂದ: 'ಸ್ಟೇಷನ್ನಿನಿಂದ ಐದು ನಿಮಿಷ', 'ಬಾಡಿಗೆಗೆ ಇದೆ'.

ಇದ್ದದ್ದನ್ನು ಇದ್ದ ಹಾಗೆ ಸಾಲಾಗಿ ಇಟ್ಟರೆ ತಮಾಷೆ ಆಗುತ್ತದೆ, ಕವಿತೆ ಆಗುವುದಿಲ್ಲ. ಪ್ರತಿ ಚೂರಿನಲ್ಲೂ ಅರ್ಥವನ್ನು ಮುಗಿಸಿಬಿಡುವ ಒಂದು ಪದ ಇದೆ. ಅದನ್ನು ಹುಡುಕಿ ತೆಗೆಯಿರಿ. ರಾಶಿಫಲದಿಂದ 'ಯಿಂದ ಸಂತಸ' ಹೋಗಲಿ. ಅಡುಗೆಯಿಂದ 'ಹುರಿಯಿರಿ' ಹೋಗಲಿ. ಹವಾಮಾನದಿಂದ 'ಮಳೆ' ಹೋಗಲಿ. ಈಗ ಹೀಗಾಯಿತು:

ಹಳೆಯ ಸ್ನೇಹಿತರ ಭೇಟಿ
ಸ್ಟೇಷನ್ನಿನಿಂದ ಐದು ನಿಮಿಷ
ಸಣ್ಣ ಉರಿಯಲ್ಲಿ
ಕೆಂಪಗಾಗುವವರೆಗೆ
ಗುಡುಗು ಸಹಿತ

ತಣ್ಣಗಾದ ಮೇಲೆ
ಬಾಡಿಗೆಗೆ ಇದೆ

ಯಾರು ಯಾರನ್ನು ಭೇಟಿಯಾದರು, ಆ ಮನೆಯಲ್ಲಿ ಏನು ನಡೆಯಿತು, ಕವಿತೆ ಹೇಳುವುದಿಲ್ಲ. ಓದುವವರು ಊಹಿಸುತ್ತಾರೆ. 'ಸಂತಸ' ಅಲ್ಲೇ ಇದ್ದಿದ್ದರೆ ಊಹಿಸಲು ಏನೂ ಉಳಿಯುತ್ತಿರಲಿಲ್ಲ, ಅಲ್ವಾ? ಐದನೇ ಸಾಲಿನ ನಂತರ ಬಿಟ್ಟ ಜಾಗವನ್ನೂ ಗಮನಿಸಿ. ಹಾಳೆಯ ಮೇಲೆ ಆ ಜಾಗ ಎರಡು ಬೆರಳಿನಷ್ಟಾದರೂ ಇರಲಿ.

ಕ್ರಮ ಹಿಡಿಸಿದಾಗಲೆಲ್ಲ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಬದಲಾಯಿಸಿ, ಇನ್ನೊಂದು ತೆಗೆಯಿರಿ. ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿದರೆ ಯಾವುದು ನಿಂತಿದೆ ಅಂತ ತಿಳಿಯುತ್ತದೆ.

ಚಿತ್ರ

ಮಾತಿಗೆ ತಕ್ಕ ಚಿತ್ರ ಹಾಕಬೇಡಿ. 'ಉರಿ' ಇದೆ ಅಂತ ಬೆಂಕಿಯ ಫೋಟೋ ಅಂಟಿಸಿದರೆ ಅದು ಶಾಲೆಯ ಚಾರ್ಟು. ಮೇಲಿನ ಕವಿತೆಗೆ ನಾನಾದರೆ ಬೀಗದಕೈ ಗೊಂಚಲು, ಇಲ್ಲಾ ಅಟ್ಲಾಸಿನಿಂದ ಸಮುದ್ರದ ನೀಲಿ ಮಾತ್ರ ತೆಗೆದುಕೊಳ್ಳುತ್ತೇನೆ.

ಅಳತೆಯಲ್ಲಿ ವ್ಯತ್ಯಾಸ ಇರಲಿ. ಒಂದು ದೊಡ್ಡದು, ಎರಡು ಮೂರು ಮಧ್ಯಮ, ಉಳಿದದ್ದು ಸಣ್ಣದು. ದೊಡ್ಡದಕ್ಕೆ ಕಾಲನಿರ್ಣಯದಂಥ ಗೋಡೆ ಕ್ಯಾಲೆಂಡರಿನ ತಾರೀಖಿನ ಅಂಕಿ ಬಹಳ ಉಪಯೋಗಕ್ಕೆ ಬರುತ್ತದೆ. ಎಲ್ಲಿಂದ ಶುರುಮಾಡಬೇಕು ಅಂತ ತೋಚದಿದ್ದರೆ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಸಿದ್ದಿ ಸಮುದಾಯದ ಹೆಂಗಸರು ಹಳೇ ಬಟ್ಟೆಯ ಕವಂದಿ (ಕೌದಿ) ಹೊಲಿಯುವ ಹಾಗೆ ಅಂಚಿನಿಂದ ಹೊರಟು ನಡುವಿಗೆ ಬನ್ನಿ. ನಡುವೆ ಏನು ಬೇಕು ಅನ್ನುವುದು ಅಷ್ಟರಲ್ಲಿ ತಾನಾಗಿ ಗೊತ್ತಾಗುತ್ತದೆ.

ಮುಂಬೈಯಲ್ಲಿ ಇರುವವರಿಗೆ ಒಂದು ಲಾಭ ಇದೆ. ಒಂದೇ ಪೊಟ್ಟಣದ ಮೇಲೆ ದೇವನಾಗರಿ, ಇಂಗ್ಲಿಷ್, ಗುಜರಾತಿ ಮೂರೂ ಇರುತ್ತವೆ. ದೇವನಾಗರಿಯ ಪದಕ್ಕೆ ತಲೆಯ ಮೇಲೆ ಉದ್ದಕ್ಕೆ ಗೆರೆ. ಕನ್ನಡ ಅಕ್ಷರ ಗುಂಡು ಗುಂಡು, ಬಿಡಿ ಬಿಡಿ. ಮರಾಠಿಯ ದೊಡ್ಡ ಹೆಡ್ಡಿಂಗನ್ನು ಹಾಳೆಯ ಕೆಳಭಾಗದಲ್ಲಿ ಅಡ್ಡಕ್ಕೆ ಅಂಟಿಸಿ, ಅದರ ಗೆರೆಯ ಮೇಲೆ ಕನ್ನಡದ ಪದಗಳನ್ನು ಕೂರಿಸಿ ನೋಡಿ. ನೆಲವೂ ಆಯಿತು, ಊರೂ ಆಯಿತು.

ಇಲ್ಲೇ ಹುಟ್ಟಿದ ಮಕ್ಕಳಿಗೆ ಮನೆಯ ಕನ್ನಡವೋ ತುಳುವೋ ಮಾತಾಡಲು ಬರುತ್ತದೆ, ಕನ್ನಡ ಓದಲು ಬರುವುದಿಲ್ಲ. ಅವರನ್ನೂ ಕೂರಿಸಿಕೊಳ್ಳಿ. ಅವರು ಅಕ್ಷರವನ್ನು ಆಕಾರ ಅಂತಲೇ ನೋಡುತ್ತಾರೆ. 'ಠ' ಕಣ್ಣಾಗುತ್ತದೆ, 'ಳ' ಬಾಲ ಸುತ್ತಿದ ಬೆಕ್ಕಾಗುತ್ತದೆ. ಓದು ಗೊತ್ತಿದ್ದ ನಮಗೆ ಅದು ಸುಲಭಕ್ಕೆ ಕಾಣುವುದಿಲ್ಲ.

ಕತ್ತರಿ ಬಿಟ್ಟು ಕೈಯಿಂದ ಹರಿಯುವುದನ್ನೂ ರೂಢಿ ಮಾಡಿಕೊಳ್ಳಿ. ಪೇಪರು ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ನೆಟ್ಟಗೆ ಹರಿಯುತ್ತದೆ, ಅಡ್ಡಕ್ಕೆ ಹರಿದರೆ ಸೊಟ್ಟಪಟ್ಟ. ಕಾಗದದ ನಾರು ಒಂದು ದಿಕ್ಕಿಗೆ ಇರುವುದೇ ಕಾರಣ. ಬಣ್ಣದ ಮ್ಯಾಗಜೀನ್ ಹಾಳೆ ಹರಿದರೆ ಎರಡು ತುಂಡಿನಲ್ಲಿ ಒಂದಕ್ಕೆ ಬಿಳಿ ಅಂಚು ಕಾಣುತ್ತದೆ. ಅಲೆ, ಮೋಡ, ಗುಡ್ಡದ ಸಾಲಿಗೆ ಅದು ಹೇಳಿ ಮಾಡಿಸಿದ್ದು. ಶಾಂತಿನಿಕೇತನದ ಕಲಾವಿದ ಬಿನೋದ್ ಬಿಹಾರಿ ಮುಖರ್ಜಿ ದೃಷ್ಟಿ ಪೂರ್ತಿ ಹೋದ ಮೇಲೂ ಬಣ್ಣದ ಕಾಗದ ಕತ್ತರಿಸಿ ಅಂಟಿಸಿ ಚಿತ್ರ ಮಾಡಿದರು. ಒಂದು ಹಾಳೆಯನ್ನು ಕಣ್ಣು ಮುಚ್ಚಿ ಹರಿದು ನೋಡಿ, ಬೆರಳಿಗೆ ಎಷ್ಟು ಗೊತ್ತು ಅಂತ ತಿಳಿಯುತ್ತದೆ.

ದೇವರ ಪಟದ ವಿಷಯದಲ್ಲಿ ಗುಂಪಿನಲ್ಲಿ ಕೂತಾಗ ಸ್ವಲ್ಪ ನೋಡಿಕೊಳ್ಳಿ. 'ಅಕ್ಕ, ಲಕ್ಷ್ಮಿಯ ಕೈ ಮಾತ್ರ ಕತ್ತರಿಸ್ಬೇಡಿ ಮಾರಾಯ್ರೆ' ಅಂತ ಒಬ್ಬರಾದರೂ ಹೇಳಿಯೇ ಹೇಳುತ್ತಾರೆ. ಹಿಂದಿನ ಕಮಲ, ಆನೆ, ನಾಣ್ಯದ ರಾಶಿ ತೆಗೆದುಕೊಳ್ಳಿ. ಯಾರಿಗೂ ತಕರಾರಿಲ್ಲ.

ಅಂಟಿಸುವುದು

ಅಡಿಗೆ ದಪ್ಪ ಕಾಗದ ಬೇಕು. 250 ಜಿಎಸ್‌ಎಂ ಕಾರ್ಡ್‌ಶೀಟ್ ಆದರೆ ಮುದುರುವುದು ಕಡಿಮೆ (ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ). ಪೇಪರಿನ ಕಾಗದ ಸುಮಾರು 45 ಜಿಎಸ್‌ಎಂ ಅಷ್ಟೇ. ಒದ್ದೆಯಾದ ಕೂಡಲೇ ಉಬ್ಬುತ್ತದೆ, ಬೆನ್ನಿನ ಅಚ್ಚು ಈಚೆಗೆ ಕಾಣುತ್ತದೆ. ಅದಕ್ಕೆ ಗ್ಲೂ ಸ್ಟಿಕ್ ಒಳ್ಳೆಯದು. ಮದುವೆ ಕಾಗದ, ಸ್ವೀಟ್ ಬಾಕ್ಸಿನ ರಟ್ಟಿಗೆ ಫೆವಿಕಾಲ್. ಫೆವಿಕಾಲನ್ನು ಚೂರಿಗೆ ಬಳಿಯುವ ಬದಲು ಅಡಿ ಹಾಳೆಗೆ ತೆಳುವಾಗಿ ಬಳಿದು ಮೇಲೆ ಚೂರು ಇಡಿ. ನಡುವಿನಿಂದ ಅಂಚಿಗೆ ಒತ್ತುತ್ತ ಬನ್ನಿ. ಬಟರ್ ಪೇಪರ್ ಮುಚ್ಚಿ ಮೇಲೆ ದಪ್ಪ ಪುಸ್ತಕ ಹೇರಿ ರಾತ್ರಿಯಿಡೀ ಬಿಡಿ.

ಮೈದಾ ಅಂಟು ಬೇಕಾದವರು ಒಂದು ಚಮಚ ಮೈದಾಕ್ಕೆ ಆರೇಳು ಚಮಚ ತಣ್ಣೀರು ಹಾಕಿ ಗಂಟಿಲ್ಲದ ಹಾಗೆ ಕಲಸಿ. ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ. ಬಿಳಿ ಬಣ್ಣ ಹೋಗಿ ಹೊಳಪು ಬಂದಾಗ ಇಳಿಸಿ, ಆರಿದ ಮೇಲೆ ಬಳಸಿ. ಫ್ರಿಜ್ಜಿನಲ್ಲಿಟ್ಟರೂ ಎರಡು ದಿನಕ್ಕಿಂತ ಹೆಚ್ಚು ಇಡಬೇಡಿ. ಬೈಂಡಿಂಗಿನವರು ಹುಳ ಬರದಿರಲಿ ಅಂತ ಇದಕ್ಕೆ ಮೈಲುತುತ್ತ ಸೇರಿಸುತ್ತಾರೆ. ಅದು ವಿಷ. ಮಕ್ಕಳಿರುವ ಮನೆಯಲ್ಲಿ ಬೇಡವೇ ಬೇಡ. ಮೈದಾ ಅಂಟಿನ ದೊಡ್ಡ ಗುಣ ಅಂದರೆ ನೀರು ಸವರಿದರೆ ಬಿಡುತ್ತದೆ. ಮನಸ್ಸು ಬದಲಾಯಿಸಬಹುದು. ಫೆವಿಕಾಲಿಗೆ ಆ ಕರುಣೆ ಇಲ್ಲ.

ಮೇಲೆ ನೀರು ಬೆರೆಸಿದ ಫೆವಿಕಾಲ್ ಬಳಿದು ಹೊಳಪು ಕೊಡುವ ಪದ್ಧತಿ ಇದೆ. ಪೇಪರಿನ ಚೂರಿಗೆ ಅದು ಸರಿಹೋಗುವುದಿಲ್ಲ. ಬಿಟ್ಟುಬಿಡಿ.

ಕತ್ತರಿಯೇ ಇಲ್ಲದ ಇನ್ನೊಂದು ದಾರಿ

ಲೋಕಲ್ಲಿನಲ್ಲಿ ಸೀಟು ಸಿಕ್ಕಿದಾಗ ಮಾಡಬಹುದಾದ್ದು ಇದು. ಪುಟದಲ್ಲಿ ಬೇಕಾದ ಪದಗಳ ಸುತ್ತ ಗೆರೆ ಎಳೆದು ಉಳಿದದ್ದನ್ನೆಲ್ಲ ಮಾರ್ಕರಿನಿಂದ ಕಪ್ಪು ಮಾಡುವುದು. ಪೆನ್ನು ಮುಟ್ಟಬಾರದು ಅಂದಿದ್ದೆನಲ್ಲ, ಇಲ್ಲಿ ಅದಕ್ಕೆ ಅಳಿಸುವ ಕೆಲಸ ಮಾತ್ರ. ಇಂಗ್ಲೆಂಡಿನ ಕಲಾವಿದ ಟಾಮ್ ಫಿಲಿಪ್ಸ್ 1966ರಲ್ಲಿ ಮೂರು ಪೆನ್ಸ್ ಕೊಟ್ಟು ಒಂದು ಹಳೇ ಕಾದಂಬರಿ ಕೊಂಡು, ಪುಟಪುಟದ ಮೇಲೂ ಚಿತ್ರ ಬಿಡಿಸಿ, ನಡುವೆ ಕೆಲವೇ ಮಾತು ಉಳಿಸುತ್ತ ಹೋದರು. ಒಂದೇ ಪುಸ್ತಕಕ್ಕೆ ಸುಮಾರು ಐವತ್ತು ವರ್ಷ! ಇಲ್ಲೂ ಬಾಲದ ಉಪಾಯ ನಡೆಯುತ್ತದೆ. 'ಮನೆಯವರು' ಅನ್ನುವುದರಲ್ಲಿ 'ಯವರು' ಕಪ್ಪಾದರೆ ಮನೆ ಖಾಲಿ.

ಯಾರದ್ದು ಇದು?

ಒಂದೊಂದು ಪದಕ್ಕೆ ಯಾರೂ ಹಕ್ಕುದಾರರಲ್ಲ. ಇಡೀ ಫೋಟೋ, ವ್ಯಂಗ್ಯಚಿತ್ರ, ಬೇರೆಯವರ ಕವಿತೆಯ ಸಾಲು ಹಾಗಲ್ಲ. ಮನೆಯ ಗೋಡೆಗೆ ಮಾಡಿಕೊಂಡರೆ ಯಾರೂ ಕೇಳುವುದಿಲ್ಲ. ಅಚ್ಚು ಹಾಕಿಸುವುದಾದರೆ, ಮಾರುವುದಾದರೆ ಅನುಮತಿ ಕೇಳಿ, ಇಲ್ಲವೇ ಚಿತ್ರ ಯಾರದೆಂದು ಗುರುತೇ ಸಿಗದಷ್ಟು ಚೂರು ಮಾಡಿ ಬಳಸಿ. ಶ್ರದ್ಧಾಂಜಲಿ ಜಾಹೀರಾತಿನ ಫೋಟೋಗೆ ಮಾತ್ರ ಕೈ ಹಾಕಬೇಡಿ. ಕಾನೂನಿನ ಮಾತಲ್ಲ. ಆ ಮನೆಯವರು ಇದೇ ಊರಿನಲ್ಲಿದ್ದಾರೆ, ಅದೇ ಸಂಘಕ್ಕೆ ಬರುತ್ತಾರೆ.

ಮಳೆಗಾಲ ಮತ್ತು ಗೋಡೆ

ಪೇಪರಿನ ಕಾಗದದಲ್ಲಿ ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಅನ್ನುವ ಅಂಶ ಉಳಿದಿರುತ್ತದೆ. ಬೆಳಕು ಬಿದ್ದಷ್ಟೂ ಹಳದಿಯಾಗುತ್ತದೆ. ಹಳದಿ ನಿಮಗೆ ಇಷ್ಟವಾದರೆ ಸರಿ. ಬೇಡವಾದರೆ ಕತ್ತರಿಸುವ ಮೊದಲೇ ಒಳ್ಳೆಯ ಕಾಗದದ ಮೇಲೆ ಜೆರಾಕ್ಸ್ ಮಾಡಿಸಿ. ಲೇಸರ್ ಪ್ರಿಂಟು ಅಥವಾ ಜೆರಾಕ್ಸ್ ಆದರೆ ಅಂಟಿನ ನೀರಿಗೆ ಕದಡುವುದಿಲ್ಲ, ಮನೆಯ ಇಂಕ್‌ಜೆಟ್ ಪ್ರಿಂಟು ಸಾಮಾನ್ಯವಾಗಿ ಕದಡುತ್ತದೆ. ಮುಗಿದ ಕೂಡಲೇ ಒಂದು ಸ್ಕ್ಯಾನ್ ಮಾಡಿಸಿಡಿ.

ಜೂನ್‌ನಿಂದ ಸೆಪ್ಟೆಂಬರ್ ತನಕ ಹೊಸದನ್ನು ಅಂಟಿಸಿದರೆ ಒಣಗಲು ಎರಡು ಪಟ್ಟು ಸಮಯ ಕೊಡಿ. ಅರೆಒಣಗಿದ್ದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿದರೆ ವಾರದಲ್ಲಿ ಬೂಷ್ಟು. ಮೈದಾ ಅಂಟಿನದಕ್ಕಂತೂ ಇನ್ನೂ ಬೇಗ. ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎತ್ತಿಟ್ಟು ಚೂರುಗಳ ಡಬ್ಬಿಗೆ ಹಾಕಿ. ಫ್ರೇಮು ಹಾಕಿಸುವಾಗ ಗಾಜು ನೇರವಾಗಿ ಕಾಗದಕ್ಕೆ ತಾಗದ ಹಾಗೆ ನಡುವೆ ಮೌಂಟ್ ಬೋರ್ಡ್ ಕೊಡಿಸಿ. ಇಲ್ಲವಾದರೆ ಒದ್ದೆ ಹವೆಗೆ ಕಾಗದ ಗಾಜಿಗೆ ಅಂಟಿಕೊಳ್ಳುತ್ತದೆ. ನೇತುಹಾಕುವುದು ಒಳಗೋಡೆಗೆ. ಮಳೆ ಬಡಿಯುವ ಹೊರಗೋಡೆ ನಮ್ಮ ಬಿಲ್ಡಿಂಗುಗಳಲ್ಲಿ ಆಗಸ್ಟ್ ಹೊತ್ತಿಗೆ ಒಸರಲು ಶುರುವಾಗುತ್ತದೆ, ಸೊಸೈಟಿಯವರು ವಾಟರ್‌ಪ್ರೂಫಿಂಗ್ ಮಾಡಿಸಿದ್ದೇವೆ ಅಂತ ಎಷ್ಟು ಹೇಳಿದರೂ.